ಊರಲ್ಲೊಂದು ಅಧ್ಯಯನ ಕೇಂದ್ರ: ಸರ್ಕಾರ ಕಿವಿಗೊಡುವ ಹಾಗೆ ಕಟ್ಟುವುದು ಹೇಗೆ?

ನೀತಿ ಅಂದರೆ ಬೆಂಗಳೂರಿನಲ್ಲೋ ದೆಹಲಿಯಲ್ಲೋ ಆಗುವಂಥದ್ದು, ಸಂಶೋಧನೆ ಅಂದರೆ ಪಿಎಚ್‌ಡಿಗೆ ಮಾಡುವಂಥದ್ದು. ನಮ್ಮ ಕಡೆ ಬಹಳ ಜನರ ಲೆಕ್ಕ ಇಷ್ಟೇ. ಇವೆರಡನ್ನೂ ಜಿಲ್ಲಾ ಮಟ್ಟದಲ್ಲೇ ಜೋಡಿಸಬಹುದು ಅಂದರೆ, "ಅದಕ್ಕೆಲ್ಲ ಐಸೆಕ್ ಇದೆಯಲ್ಲ ಮೇಡಂ" ಅನ್ನುತ್ತಾರೆ. ಇದೆ, ಇಲ್ಲ ಅಂದವರು ಯಾರು? ಸಾಮಾಜಿಕ, ಆರ್ಥಿಕ ಬದಲಾವಣೆಯ ಅಧ್ಯಯನಕ್ಕೆ ಅಂತ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ದೊಡ್ಡ ಸಂಸ್ಥೆ ಅದು, ಈಗ ನಾಗರಬಾವಿಯಲ್ಲಿದೆ. ಧಾರವಾಡದಲ್ಲಿ ಅಂಥದ್ದೇ ಸಂಸ್ಥೆ ಸಿಎಂಡಿಆರ್ ಇದೆ. ಆದರೆ ಜಗಳೂರು ತಾಲ್ಲೂಕಿನಲ್ಲಿ ಈ ವರ್ಷ ಬೋರ್‌ವೆಲ್ ಎಷ್ಟು ಅಡಿಗೆ ಹೋಯಿತು ಅಂತ ವರ್ಷ ವರ್ಷ ಬರೆದಿಡುವ ಕೆಲಸ ನಾಗರಬಾವಿಯಲ್ಲಿ ಕೂತು ಆಗುವುದಿಲ್ಲ.

ನಾನು ದಾವಣಗೆರೆಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಜೊತೆಗೆ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಒಂದು ಸಣ್ಣ ಅಧ್ಯಯನ ಕೇಂದ್ರ ನಡೆಸುತ್ತೇನೆ. ಎರಡು ಬೀರು, ಹಳೇ ಕಂಪ್ಯೂಟರ್‌ಗಳು, ಜೋರು ಮಳೆ ಬಂದರೆ ಸೋರುವ ಒಂದು ಮೂಲೆ. ಇಂಥದ್ದನ್ನು ಶುರು ಮಾಡಬೇಕು ಅನ್ನುವವರು, ಇದ್ದದ್ದನ್ನು ಗಟ್ಟಿ ಮಾಡಬೇಕು ಅನ್ನುವವರು ಆಗಾಗ ಬಂದು ಕೇಳುತ್ತಾರೆ. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವುದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲೇ ಒಂದು ಮಾತು. ಜಿಲ್ಲಾಧಿಕಾರಿ ವರ್ಗವಾಗುತ್ತಾರೆ. ಜಿಲ್ಲಾ ಪಂಚಾಯಿತಿ ಸಿಇಒ ವರ್ಗವಾಗುತ್ತಾರೆ. ಜಂಟಿ ಕೃಷಿ ನಿರ್ದೇಶಕರೂ ಅಷ್ಟೇ. ಹಿಂದಿನವರು ಏನು ಪ್ರಯತ್ನ ಪಟ್ಟರು, ಯಾಕೆ ಕೈಬಿಟ್ಟರು ಅಂತ ಹೊಸಬರಿಗೆ ಹೇಳುವವರು ಯಾರೂ ಇರುವುದಿಲ್ಲ. ಕಡತದಲ್ಲಿ ಆದೇಶ ಇರುತ್ತದೆ, ಕಾರಣ ಇರುವುದಿಲ್ಲ. ಊರಲ್ಲೇ ಉಳಿಯುವ ಸಂಸ್ಥೆಗೆ ಇರುವ ಬಂಡವಾಳ ಇದೇ: ನಾವು ಎಲ್ಲೂ ಹೋಗುವುದಿಲ್ಲ. ಮುಂದೆ ನಾನು ಹೇಳುವುದೆಲ್ಲ ಈ ಬಂಡವಾಳ ಕರಗದ ಹಾಗೆ ನೋಡಿಕೊಳ್ಳುವುದು ಹೇಗೆ ಅನ್ನುವುದರ ಬಗ್ಗೆಯೇ.

ಯಾರ ಸಹಿ ಬೇಕು ಅಂತ ಮೊದಲು ಕೇಳಿ

"ದಾವಣಗೆರೆ ಜಿಲ್ಲೆಯ ಮೆಕ್ಕೆಜೋಳ ಬೆಳೆಗಾರರ ಸಾಮಾಜಿಕ ಹಾಗೂ ಆರ್ಥಿಕ ಸ್ಥಿತಿಗತಿ: ಒಂದು ಅಧ್ಯಯನ." ಇಂಥ ಶೀರ್ಷಿಕೆ ನಿಮ್ಮ ತಲೆಗೆ ಬಂದರೆ ಒಂದು ಲೋಟ ಟೀ ಕುಡಿದು ಮತ್ತೆ ಯೋಚಿಸಿ. ಇದನ್ನು ಓದಿ ಯಾವ ಅಧಿಕಾರಿ ನಾಳೆ ಬೆಳಗ್ಗೆ ಏನು ಮಾಡಬೇಕು?

ಮೆಕ್ಕೆಜೋಳವನ್ನೇ ತೆಗೆದುಕೊಳ್ಳೋಣ, ನಮ್ಮ ಜಿಲ್ಲೆಯ ಮಟ್ಟಿಗೆ ಅದಕ್ಕಿಂತ ದೊಡ್ಡ ವಿಷಯ ಇಲ್ಲ. ಬೆಂಬಲ ಬೆಲೆ ಎಷ್ಟಿರಬೇಕು ಅನ್ನುವುದು ದೆಹಲಿಯ ಪ್ರಶ್ನೆ. ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ ಶಿಫಾರಸು ಮಾಡುತ್ತದೆ, ಕೇಂದ್ರ ಸಂಪುಟ ತೀರ್ಮಾನಿಸುತ್ತದೆ. 2025-26ಕ್ಕೆ ಕ್ವಿಂಟಲ್‌ಗೆ 2400 ರೂಪಾಯಿ ಅಂತ ಆಯಿತು. ಅದರ ಮೇಲೆ ನಾವು ಇಲ್ಲಿಂದ ಎಷ್ಟು ಪುಟ ಬರೆದರೂ ಸದ್ಯಕ್ಕೆ ಏನೂ ಅಲ್ಲಾಡುವುದಿಲ್ಲ. ನವೆಂಬರ್ ತಿಂಗಳಲ್ಲಿ ದಾವಣಗೆರೆಯಿಂದ ಯಾವ ದಿಕ್ಕಿಗಾದರೂ ಬಸ್ಸಿನಲ್ಲಿ ಹೋಗಿ ನೋಡಿ. ಅರ್ಧ ರಸ್ತೆ ಹಳದಿ. ಪಕ್ಕದಲ್ಲಿ ಕಲ್ಲು ಸಾಲಾಗಿಟ್ಟು ಕಾಳು ಹರವಿರುತ್ತಾರೆ, ಬೈಕಿನವರು ಅದರ ಮೇಲೇ ಜಾರಿ ಬೀಳುತ್ತಾರೆ. ಹೊಸದಾಗಿ ಬಿಡಿಸಿದ ಕಾಳಿನಲ್ಲಿ ತೇವ ಜಾಸ್ತಿ. ಸರ್ಕಾರಿ ಖರೀದಿಗೆ ತೇವಾಂಶ ಶೇ 14ರ ಒಳಗಿರಬೇಕು. ಒಣಗಿಸಲು ಜಾಗ ಇರುವವನು ಕಾಯುತ್ತಾನೆ. ಇಲ್ಲದವನು ಹಸಿ ಕಾಳನ್ನೇ ವರ್ತಕ ಹೇಳಿದ ರೇಟಿಗೆ ಕೊಟ್ಟು ಬರುತ್ತಾನೆ.

ಹಾಗಾದರೆ ಪ್ರಶ್ನೆ ಹೀಗಿರಲಿ: ಯಾವ ಯಾವ ಊರಲ್ಲಿ ಒಣಗಿಸುವ ಕಣ ಇಲ್ಲ? ಇಲ್ಲದ ಊರಿನವರು ಕ್ವಿಂಟಲ್‌ಗೆ ಎಷ್ಟು ಕಳೆದುಕೊಂಡರು? ಗೋಮಾಳವೋ ಶಾಲೆ ಪಕ್ಕದ ಸರ್ಕಾರಿ ಜಾಗವೋ ಎಲ್ಲಿದೆ? ಇದಕ್ಕೆ ಸಹಿ ಹಾಕುವವರು ನಮ್ಮ ಕೈಗೆ ಸಿಗುವವರು. ಪಿಡಿಒ, ತಾಲ್ಲೂಕು ಪಂಚಾಯಿತಿ ಇಒ, ಸಿಇಒ, ಎಪಿಎಂಸಿ ಕಾರ್ಯದರ್ಶಿ. ನರೇಗಾದಲ್ಲಿ ಒಕ್ಕಣೆ ಕಣ ಮಾಡಿಕೊಂಡ ಊರುಗಳು ಇದ್ದೇ ಇವೆ. ಅಂದರೆ ಹೊಸ ಕಾನೂನು ಬೇಡ, ಹೊಸ ಯೋಜನೆ ಬೇಡ, ಪಟ್ಟಿ ಬೇಕು. ಆ ಪಟ್ಟಿ ಮಾಡುವುದೂ ಸಂಶೋಧನೆಯೇ. ಇದು ಸಣ್ಣದು ಅಂತ ಮೂಗು ಮುರಿಯುವ ಪ್ರೊಫೆಸರ್‌ಗಳು ಸಿಗುತ್ತಾರೆ. ಅವರಿಗೆ ನಮಸ್ಕಾರ ಹೇಳಿ ಮುಂದೆ ಹೋಗಿ.

ಒಂದು ಅಥವಾ ಎರಡು ವಿಷಯ ಹಿಡಿಯಿರಿ, ಅಷ್ಟೇ ಸಾಕು. ದಾವಣಗೆರೆ ಕಡೆ ಆದರೆ ಮೆಕ್ಕೆಜೋಳ, ಮಂಡಕ್ಕಿ ಭಟ್ಟಿ ಕೆಲಸಗಾರರು, ಚನ್ನಗಿರಿ ಕಡೆ ಹಬ್ಬುತ್ತಿರುವ ಅಡಿಕೆ. ಚಿತ್ರದುರ್ಗ ಕಡೆ ಆದರೆ ಶೇಂಗಾ, ಫ್ಲೋರೈಡ್ ನೀರು, ಕುರಿಗಾಹಿಗಳು. ಚಳ್ಳಕೆರೆ ಪಕ್ಕದ ಕುದಾಪುರದಲ್ಲಿ ಐಐಎಸ್‌ಸಿಗೆ 1500 ಎಕರೆ ಕೊಟ್ಟಿದ್ದಾರೆ. ಅಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ಕೊಡುತ್ತಾರೆ, ಒಳ್ಳೇ ಕೆಲಸ. ಅದೇ ಸುತ್ತಿನಲ್ಲಿ ಡಿಆರ್‌ಡಿಒ, ಇಸ್ರೊ, ಬಾರ್ಕ್ ಇವೆ. ಆದರೆ ಅವಕ್ಕೆ ಕೊಟ್ಟ ಅಮೃತಮಹಲ್ ಕಾವಲಿನಲ್ಲಿ, ಅಂದರೆ ಹಳೇ ಹುಲ್ಲುಗಾವಲಿನಲ್ಲಿ, ಕುರಿ ಮೇಯಿಸುತ್ತಿದ್ದವರ ಹಿಂಡು ಈಗ ಎಲ್ಲಿಗೆ ಹೋಗುತ್ತಿದೆ ಅಂತ ಲೆಕ್ಕ ಇಡುವುದು ಆ ಸಂಸ್ಥೆಗಳ ಕೆಲಸ ಅಲ್ಲ. ದೊಡ್ಡ ವಿಜ್ಞಾನ ಪಕ್ಕದಲ್ಲೇ ಇದ್ದರೂ ಜಿಲ್ಲೆಯ ಪ್ರಶ್ನೆ ಕೇಳುವವರು ಬೇರೆಯೇ ಬೇಕು.

ಇರುವ ಲೆಕ್ಕ ಮೊದಲು ಓದಿ, ಆದರೆ ಕಣ್ಣು ಬಿಟ್ಟು ಓದಿ

ಹೊಸದಾಗಿ ಸರ್ವೆ ಮಾಡುವ ಮುಂಚೆ ಸರ್ಕಾರದ ಹತ್ತಿರವೇ ಏನಿದೆ ಅಂತ ನೋಡಿ. ಜಿಲ್ಲಾ ಸಂಖ್ಯಾ ಸಂಗ್ರಹಣಾಧಿಕಾರಿ ಕಚೇರಿಯ 'ಜಿಲ್ಲಾ ಅಂಕಿ ಅಂಶಗಳ ನೋಟ', ಎಪಿಎಂಸಿಯ ದಿನದ ಆವಕ ಮತ್ತು ಧಾರಣೆ, ಕೃಷಿ ಇಲಾಖೆಯ ಬೆಳೆ ಸಮೀಕ್ಷೆ, ಅಂತರ್ಜಲ ನಿರ್ದೇಶನಾಲಯದ ವೀಕ್ಷಣಾ ಬಾವಿಗಳ ಮಟ್ಟ, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಅಂದರೆ ಎನ್‌ಎಫ್‌ಎಚ್‌ಎಸ್‌ನ ಜಿಲ್ಲಾವಾರು ಪುಟಗಳು. ಮಳೆ ಲೆಕ್ಕಕ್ಕೆ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ಅಂದರೆ ಕೆಎಸ್‌ಎನ್‌ಡಿಎಂಸಿ. ಇದನ್ನು ಸ್ವಲ್ಪ ನಿಂತು ನೋಡಬೇಕು. 1988ರಲ್ಲಿ ಬರ ನಿಗಾ ಘಟಕ ಅಂತ ಸಣ್ಣದಾಗಿ ಶುರುವಾದದ್ದು ಈಗ ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪನ ಕೇಂದ್ರಗಳ ತನಕ ಬೆಳೆದಿದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸುವಾಗ ಮಳೆ, ತೇವಾಂಶ, ಬೆಳೆಯ ಹಸಿರು ಎಲ್ಲದರ ಲೆಕ್ಕ ಕೇಂದ್ರ ಸರ್ಕಾರದ ಬರ ಕೈಪಿಡಿಗೆ ಹೊಂದಬೇಕಿತ್ತು. ಅದರ ಮೇಲೆ ಶೇ 10ರಷ್ಟು ಹಳ್ಳಿಗಳಿಗೆ ಹೋಗಿ ಹೊಲ ನೋಡಿ ಬರಬೇಕಿತ್ತು. ಹಲವು ವರ್ಷಗಳಿಂದ ಮಳೆ ಅಳೆದು ಇಟ್ಟುಕೊಂಡಿರುವ ಸಂಸ್ಥೆ ಇಲ್ಲದಿದ್ದರೆ ದೆಹಲಿಯ ಮುಂದೆ ಇಡುವುದೇನನ್ನು?

ಈಗ ನಮ್ಮ ಜಿಲ್ಲೆಗಳಿಗೇ ಇರುವ ಒಂದು ತೊಡಕು. ಇದನ್ನು ಗೊತ್ತಿಲ್ಲದೆ ಬರೆದ ಪ್ರಬಂಧಗಳು ನನ್ನ ಬೀರುವಿನಲ್ಲೇ ಒಂದು ಕಟ್ಟು ಇವೆ. ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅದಕ್ಕೂ ಮುಂಚೆ ದಾವಣಗೆರೆ, ಹರಿಹರ, ಜಗಳೂರು ಇದ್ದದ್ದು ಚಿತ್ರದುರ್ಗದಲ್ಲಿ. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಲ್ಲಿ. ಹರಪನಹಳ್ಳಿ ಬಳ್ಳಾರಿಯಿಂದ ಬಂತು, ಮತ್ತೆ ಬಳ್ಳಾರಿಗೆ ಹೋಯಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. 2011ರ ಜನಗಣತಿಯಲ್ಲಿ ದಾವಣಗೆರೆ ಜಿಲ್ಲೆಯ ಜನಸಂಖ್ಯೆ 19.45 ಲಕ್ಷ ಅಂತ ಇದೆ. ಅದರಲ್ಲಿ ಹರಪನಹಳ್ಳಿಯೂ ಸೇರಿದೆ. ಇವತ್ತಿನ ಜಿಲ್ಲೆಯ ಆಸ್ಪತ್ರೆ ಹಾಸಿಗೆಯನ್ನು ಆ ಅಂಕಿಯಿಂದ ಭಾಗಿಸಿದರೆ ಉತ್ತರ ತಪ್ಪೇ. 1991ರ ಚಿತ್ರದುರ್ಗವನ್ನು 2011ರ ಚಿತ್ರದುರ್ಗದ ಜೊತೆ ಹೋಲಿಸಿ "ಜನಸಂಖ್ಯೆ ಕುಸಿದಿದೆ" ಅಂತ ಬರೆದ ಪ್ರಬಂಧವನ್ನೂ ನೋಡಿದ್ದೇನೆ. ಆದ್ದರಿಂದ ಜಿಲ್ಲೆಯ ಅಂಕಿಯನ್ನು ನಂಬಿ ಕೂರಬೇಡಿ. ತಾಲ್ಲೂಕು ಹಿಡಿಯಿರಿ, ಸಾಧ್ಯವಾದರೆ ಹೋಬಳಿ, ಇನ್ನೂ ಸಾಧ್ಯವಾದರೆ ಪಂಚಾಯಿತಿ. ಹೊನ್ನಾಳಿಯಿಂದ ನ್ಯಾಮತಿ ಬೇರೆಯಾದ ಹಾಗೆ ತಾಲ್ಲೂಕೂ ಒಡೆಯುತ್ತದೆ. ಹಳ್ಳಿವಾರು ಪಟ್ಟಿ ಒಂದು ಸಲ ಮಾಡಿಟ್ಟುಕೊಂಡರೆ ಯಾರು ಹೇಗೆ ಗಡಿ ಬದಲಿಸಿದರೂ ನೀವು ಮತ್ತೆ ಕೂಡಿಸಿಕೊಳ್ಳಬಹುದು.

ಪ್ರಾದೇಶಿಕ ಅಸಮತೋಲನದ ಬಗ್ಗೆ ಬಂದ ನಂಜುಂಡಪ್ಪ ವರದಿ ಇವತ್ತಿಗೂ ವಿಧಾನಸೌಧದಲ್ಲಿ ಕೇಳಿಬರುವುದಕ್ಕೆ ಹೀಗೆ ತಾಲ್ಲೂಕು ಹಿಡಿದದ್ದೂ ಒಂದು ಕಾರಣ ಅಂತ ನನ್ನ ಅನಿಸಿಕೆ. 2002ರಲ್ಲಿ ಬಂದ ಆ ವರದಿ 35 ಸೂಚಕ ಇಟ್ಟುಕೊಂಡು ಆಗಿನ 175 ತಾಲ್ಲೂಕುಗಳನ್ನೂ ಅಳೆಯಿತು. 114 ಹಿಂದುಳಿದಿವೆ ಅಂತ ಹೇಳಿ, ಅದರಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು ಅಂತ ವಿಂಗಡಿಸಿತು. ಶಾಸಕರಿಗೆ ತಮ್ಮ ತಾಲ್ಲೂಕು ಎಲ್ಲಿದೆ ಅಂತ ಒಂದು ನಿಮಿಷದಲ್ಲಿ ಸಿಗುತ್ತದೆ. ಜಗಳ ಆಡುವುದಕ್ಕಾದರೂ ಕೈಯಲ್ಲಿ ಒಂದು ಅಂಕಿ ಇರಬೇಕಲ್ವಾ?

ಹಳ್ಳಿಗೆ ಹೋಗುವವರು

ಇಲ್ಲಿ ಹಣ ಉಳಿಸಬೇಡಿ. ಎಂಎ ಹುಡುಗರನ್ನು ಪ್ರಮಾಣಪತ್ರದ ಆಸೆ ತೋರಿಸಿ ಬಿಸಿಲಿಗೆ ಕಳಿಸಿದರೆ ಅವರು ಅರಳಿಕಟ್ಟೆಯಲ್ಲಿ ಕೂತು ಫಾರಂ ತುಂಬಿಕೊಂಡು ಬರುತ್ತಾರೆ. ತಪ್ಪು ಅವರದ್ದಲ್ಲ. ದಿನಕ್ಕೆ ಸರಿಯಾದ ಕೂಲಿ, ಬಸ್ ಚಾರ್ಜು, ಊಟ ಕೊಡಿ. ಆ ಊರಿನವರೇ ಆದ, ಡಿಗ್ರಿ ಮುಗಿಸಿ ಮನೆಯಲ್ಲಿರುವ ಹೆಣ್ಣುಮಕ್ಕಳು ಸಿಕ್ಕರೆ ಅವರಷ್ಟು ಚೆನ್ನಾಗಿ ಈ ಕೆಲಸ ಬೇರೆ ಯಾರೂ ಮಾಡುವುದಿಲ್ಲ. ಮೊಳಕಾಲ್ಮೂರು, ಚಳ್ಳಕೆರೆ ಕಡೆ ತೆಲುಗು ಬರುವವರು ಬೇಕು. ತಾಂಡಾಗಳಿಗೆ ಲಂಬಾಣಿ ಗೊತ್ತಿರುವವರು ಬೇಕು. ಗೊಲ್ಲರಹಟ್ಟಿಗೆ ಹೋಗುವ ಮುಂಚೆ ಅಲ್ಲಿನ ಒಬ್ಬರು ಹಿರಿಯರಿಗೆ ಹೇಳಿಕಳಿಸಿ, ಸುಮ್ನೆ ನುಗ್ಗಬೇಡಿ.

ಪ್ರಶ್ನಾವಳಿ ಚಿಕ್ಕದಿರಲಿ. "ನಿಮ್ಮ ವಾರ್ಷಿಕ ಆದಾಯ ಎಷ್ಟು?" ಅಂತ ಕೇಳಿದರೆ ಯಾರೂ ನಿಜ ಹೇಳುವುದಿಲ್ಲ, ಹೇಳಬೇಕು ಅಂದರೂ ಅವರಿಗೇ ಗೊತ್ತಿರುವುದಿಲ್ಲ. ಎಷ್ಟು ಎಕರೆ ಹಾಕಿದ್ರಿ, ಎಷ್ಟು ಚೀಲ ಬಂತು, ಯಾವಾಗ ಮಾರಿದ್ರಿ, ಎಷ್ಟಕ್ಕೆ ಹೋಯಿತು, ತೂಕದಲ್ಲಿ ಎಷ್ಟು ಕಳೆದರು, ಇವನ್ನು ಕೇಳಿ. ತಿಂಗಳು ಕೇಳಬೇಡಿ, ಮಳೆ ಕೇಳಿ. "ಆರಿದ್ರಾ ಹಿಡಿದಾಗ ಬಿತ್ತಿದ್ದು, ಮಖೆ ಕೈಕೊಟ್ಟಿತು" ಅಂತ ಅವರು ಹೇಳುವುದನ್ನು ನೀವು ಆಮೇಲೆ ಪಂಚಾಂಗ ನೋಡಿ ತಾರೀಕಿಗೆ ತಂದುಕೊಳ್ಳಬಹುದು. ಮೊಬೈಲ್‌ನಲ್ಲಿ ತುಂಬಿಸುವುದಾದರೆ ಕೋಬೊ ಟೂಲ್‌ಬಾಕ್ಸ್ ಕನ್ನಡದಲ್ಲೂ ನಡೆಯುತ್ತದೆ, ಸಿಗ್ನಲ್ ಇಲ್ಲದ ಕಡೆಯೂ ಉಳಿಸಿಕೊಳ್ಳುತ್ತದೆ. ಬಿತ್ತನೆ ವಾರದಲ್ಲಿ ಹೋಗಬೇಡಿ. ಸಂಜೆ ಹೋಗಿ, ಹಾಲು ಡೇರಿಗೆ ಹಾಕಿ ವಾಪಸ್ ಬರುವ ಹೊತ್ತಿಗೆ.

ಹೆಸರು, ಫೋನ್ ನಂಬರ್ ಒಂದು ಕಡೆ, ಉತ್ತರಗಳು ಇನ್ನೊಂದು ಕಡೆ ಇಡಿ. ಸಾಲದ ವಿಷಯ ಹೇಳಿದ ಹೆಂಗಸಿನ ಹೆಸರು ಊರಲ್ಲಿ ಹರಡಿದರೆ ಮುಂದಿನ ವರ್ಷ ಆ ಊರಿನ ಬಾಗಿಲು ನಿಮಗೆ ಮುಚ್ಚಿದ ಹಾಗೆ.

ವರ್ಷ ಬಿಟ್ಟು ವರ್ಷ ಅದೇ ಊರು, ಸಾಧ್ಯವಾದರೆ ಅದೇ ಮನೆ. ಇದು ಬೇಸರದ ಕೆಲಸ. ಯಾಕೆ ಬೇಕು ಅಂದರೆ, ಮಾರಿಕಣಿವೆ ನೋಡಿ. ಅಂದರೆ ಹಿರಿಯೂರಿನ ವಾಣಿವಿಲಾಸ ಸಾಗರ ಅಣೆಕಟ್ಟು. ಅದನ್ನು ಕಟ್ಟಿ ಮುಗಿಸಿದ್ದು 1907ರಲ್ಲಿ. ಕೋಡಿ ಬಿದ್ದದ್ದು 1933ರಲ್ಲಿ, ಆಮೇಲೆ 2022ರಲ್ಲಿ, ಮತ್ತೆ 2025ರಲ್ಲಿ. ಬರೀ ಕೊನೆಯ ಮೂರು ವರ್ಷದ ಅಂಕಿ ಇಟ್ಟುಕೊಂಡವನು ಚಿತ್ರದುರ್ಗದಲ್ಲಿ ನೀರಿಗೇನು ಕಮ್ಮಿ ಅಂತ ಯೋಜನೆ ಬರೆಯುತ್ತಾನೆ. ನಡುವಿನ 89 ವರ್ಷ ಗೊತ್ತಿರುವವನು ಭದ್ರಾ ನದಿಯಿಂದ ಹರಿಸಿದ ನೀರು ಎಷ್ಟು ಬಂತು, ಮಳೆ ಎಷ್ಟು ಬಂತು ಅಂತ ಮೊದಲು ಬೇರೆ ಮಾಡಿ ಕೇಳುತ್ತಾನೆ.

ದುಡ್ಡಿನ ಮಾತು

ಸಣ್ಣ ಸಂಸ್ಥೆಗಳು ಸಾಯುವುದು ಬುದ್ಧಿ ಕಮ್ಮಿಯಾಗಿ ಅಲ್ಲ. ಒಂದು ಪ್ರಾಜೆಕ್ಟ್ ಮುಗಿದು ಇನ್ನೊಂದು ಬರುವುದರೊಳಗೆ ಇದ್ದ ಹುಡುಗ ಬ್ಯಾಂಕ್ ಪರೀಕ್ಷೆ ಪಾಸಾಗಿ ಹೋಗಿರುತ್ತಾನೆ. ಅವನ ಜೊತೆ ಮೂರು ವರ್ಷದ ತಿಳಿವಳಿಕೆಯೂ ಹೋಯಿತು. ಪ್ರಾಜೆಕ್ಟಿಗೆ ಕಟ್ಟಿದ ಹಣದಿಂದ ವರದಿ ಬರುತ್ತದೆ, ಸಂಸ್ಥೆ ನಿಲ್ಲುವುದಿಲ್ಲ.

ಇದು ನಮ್ಮೂರಿನ ಕಷ್ಟ ಮಾತ್ರ ಅಲ್ಲ. ಸಂಶೋಧನೆಗೆ ಹಣ ಕೊಡುವ ಕೆನಡಾದ ಐಡಿಆರ್‌ಸಿ 2008ರಲ್ಲಿ 'ಥಿಂಕ್ ಟ್ಯಾಂಕ್ ಇನಿಷಿಯೇಟಿವ್' ಅಂತ ಶುರು ಮಾಡಿ 2019ರ ತನಕ ನಡೆಸಿತು. ಆಫ್ರಿಕಾ, ದಕ್ಷಿಣ ಏಷ್ಯಾ, ಲ್ಯಾಟಿನ್ ಅಮೆರಿಕದ ನೀತಿ ಸಂಶೋಧನಾ ಸಂಸ್ಥೆಗಳಿಗೆ, ಇಂಥದ್ದೇ ಅಧ್ಯಯನ ಮಾಡಿ ಅಂತ ಕಟ್ಟು ಹಾಕದೆ, ಹಲವು ವರ್ಷಕ್ಕೆ ಹಣ ಕೊಟ್ಟಿತು. ಸಂಬಳ, ತರಬೇತಿ, ಲೆಕ್ಕಪತ್ರ, ಗ್ರಂಥಾಲಯ, ಯಾವುದಕ್ಕೆ ಬೇಕೋ ಅದಕ್ಕೆ. ಬೆಂಗಳೂರಿನ ನೀತಿ ಅಧ್ಯಯನ ಸಂಸ್ಥೆ ಸಿಸ್ಟೆಪ್ ಕೂಡ ಅದರಲ್ಲಿತ್ತು. ನಮ್ಮ ಜಿಲ್ಲೆಗೆ ಯಾರೂ ಕೆನಡಾದಿಂದ ಬರುವುದಿಲ್ಲ, ಸರಿ. ಆದರೆ ಅದೇ ಲೆಕ್ಕ ಸಣ್ಣದಾಗಿ ಹಾಕಿಕೊಳ್ಳಬಹುದು. ಬರುವ ಪ್ರತಿ ಪ್ರಾಜೆಕ್ಟಿನಲ್ಲೂ ಆಡಳಿತ ವೆಚ್ಚ ಅಂತ ಒಂದು ಪಾಲು ಇರುತ್ತದೆ. ಅದನ್ನು ಕಾಲೇಜಿನ ಸಾಮಾನ್ಯ ಖಾತೆಗೆ ಬಿಟ್ಟುಕೊಡಬೇಡಿ. ಕೇಂದ್ರದ ಹೆಸರಲ್ಲೇ ಪ್ರತ್ಯೇಕ ಖಾತೆ ಇರಲಿ, ಒಬ್ಬ ಕಾಯಂ ಮನುಷ್ಯನ ಒಂದು ವರ್ಷದ ಸಂಬಳ ಯಾವತ್ತೂ ಅದರಲ್ಲಿರಲಿ. ಆಡಳಿತ ಮಂಡಳಿಯವರು ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ.

ಎಲ್ಲಿಂದ ತರುವುದು? ಸಮಾಜ ವಿಜ್ಞಾನ ಸಂಶೋಧನೆಗೆ ಹಣ ಕೊಡುವ ಕೇಂದ್ರ ಸರ್ಕಾರದ ಐಸಿಎಸ್‌ಎಸ್‌ಆರ್ 1969ರಿಂದ ಇದೆ, ಸಣ್ಣ ಮತ್ತು ದೊಡ್ಡ ಯೋಜನೆಗಳಿಗೆ ಅರ್ಜಿ ಕರೆಯುತ್ತದೆ. ರಾಜ್ಯದಲ್ಲಿ 2011ರಿಂದ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರ ಇದೆ, ಇಲಾಖೆಗಳ ಯೋಜನೆಗಳನ್ನು ಹೊರಗಿನ ಸಂಸ್ಥೆಗಳಿಂದ ಮೌಲ್ಯಮಾಪನ ಮಾಡಿಸುತ್ತದೆ. ಒಬ್ಬರೇ ಅರ್ಜಿ ಹಾಕುವ ಶಕ್ತಿ ಇಲ್ಲದಿದ್ದರೆ ಶಿವಗಂಗೋತ್ರಿಯ ದಾವಣಗೆರೆ ವಿಶ್ವವಿದ್ಯಾಲಯದ ವಿಭಾಗದ ಜೊತೆಗೋ ಬೆಂಗಳೂರಿನ ಸಂಸ್ಥೆಯ ಜೊತೆಗೋ ಸೇರಿಕೊಳ್ಳಿ. ಆದರೆ ಕ್ಷೇತ್ರಕಾರ್ಯದ ಮೂಲ ದತ್ತಾಂಶದ ಒಂದು ಪ್ರತಿ ನಮ್ಮಲ್ಲೂ ಉಳಿಯಬೇಕು ಅಂತ ಒಪ್ಪಂದದಲ್ಲೇ ಬರೆಸಿ. ಇಲ್ಲದಿದ್ದರೆ ಬಿಸಿಲು ನಮ್ಮದು, ಅಂಕಿ ಅವರದ್ದು. ಸರ್ಕಾರಿ ಬಿಲ್ಲು ತಡವಾಗುತ್ತದೆ, ಮಾರ್ಚ್ 31ರ ಹಿಂದಿನ ವಾರ ಎಲ್ಲರೂ ಓಡಾಡುತ್ತಾರೆ. ಅದಕ್ಕೆ ಮುಂಚೆಯೇ ಬಳಕೆ ಪ್ರಮಾಣಪತ್ರ ಸಿದ್ಧ ಮಾಡಿಡಿ. ಸೊಸೈಟಿ ಅಂತ ನೋಂದಾಯಿಸಿದ್ದರೆ ಆದಾಯ ತೆರಿಗೆ ವಿನಾಯಿತಿಯ ನೋಂದಣಿ (12ಎ, 80ಜಿ ಅಂತ ಕರೆಯುತ್ತಿದ್ದದ್ದು) ಮಾಡಿಸಿ, ಊರಿನ ದಾನಿಗಳು ಅದನ್ನು ಕೇಳಿಯೇ ಕೇಳುತ್ತಾರೆ.

ಊರಿನ ಹಣಕ್ಕೆ ಒಂದು ನಿಯಮ. ಯಾರ ವಿಷಯ ಅಧ್ಯಯನ ಮಾಡುತ್ತೀರೋ ಅವರಿಂದ ಹಣ ಬೇಡ. ಮೆಕ್ಕೆಜೋಳದ ಅಧ್ಯಯನಕ್ಕೆ ವರ್ತಕರ ಹಣ ಬೇಡ, ರೈತ ಸಂಘಟನೆಯ ಹಣವೂ ಬೇಡ. ಬಟ್ಟೆ ಅಂಗಡಿಯವರು ಕೊಟ್ಟರೆ ತಗೊಳ್ಳಿ. ಯಾರು ಕೊಟ್ಟರೂ "ಫಲಿತಾಂಶ ಏನೇ ಬಂದರೂ ಪ್ರಕಟಿಸುತ್ತೇವೆ" ಅನ್ನುವ ಒಂದು ಸಾಲು ಕಾಗದದಲ್ಲಿರಲಿ. ಒಮ್ಮೆ ಒಂದು ಇಲಾಖೆಯವರು ನಮ್ಮ ವರದಿಯ ನಾಲ್ಕನೇ ಅಧ್ಯಾಯ ತೆಗೆದರೆ ಕೊನೇ ಕಂತು ಬಿಡುಗಡೆ ಮಾಡುತ್ತೇವೆ ಅಂದರು. ಆ ಒಂದು ಸಾಲು ತೋರಿಸಿದೆವು. ಹಣ ಬರುವುದು ತಡವಾಯಿತು, ಅಧ್ಯಾಯ ಉಳಿಯಿತು.

ಎರಡು ಪುಟ, ಕನ್ನಡದಲ್ಲಿ

ದೊಡ್ಡ ವರದಿ ಬೇಕು, ಅದು ಬೀರುವಿಗೆ. ಅಧಿಕಾರಿಗೆ ಎರಡು ಪುಟ. ಮೊಳಕಾಲ್ಮೂರಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆಯಲ್ಲ, ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ, ಅಂದರೆ ಅಧಿಕಾರಿಗಳಿಗೆ, ಬಂದದ್ದು. ಮೊದಲು ಕ್ಷೇಮ ಸಮಾಚಾರ, ಆಮೇಲೆ ನೇರವಾಗಿ ವಿಷಯ, ಒಂದು ಬಂಡೆಯಲ್ಲಿ ಮುಗಿದಿದೆ. ಭಾಷೆ ಮಾತ್ರ ಪ್ರಾಕೃತ. ಮೇಲಿನಿಂದ ಬರುವ ಪತ್ರ ಬೇರೆ ಭಾಷೆಯಲ್ಲಿರುವುದು ನಮ್ಮ ಜಿಲ್ಲೆಗೆ ಹೊಸದೇನಲ್ಲ ಬಿಡಿ.

ಆ ಎರಡು ಪುಟ ಹೇಗಿರಬೇಕು ಅಂತ ಒಂದು ಮಾದರಿ ಹೇಳುತ್ತೇನೆ. ಮೊದಲ ಸಾಲಿನಲ್ಲೇ ಆಗಬೇಕಾದ್ದು: "ಈ ಕೆಳಗಿನ ಊರುಗಳಲ್ಲಿ ನವೆಂಬರ್ ಒಳಗೆ ಒಣಗಿಸುವ ಕಣ ಆಗಬೇಕು." ಎರಡನೇ ಸಾಲಿನಲ್ಲಿ ಯಾಕೆ: ಕಣ ಇದ್ದ ಊರಿನವರಿಗೂ ಇಲ್ಲದ ಊರಿನವರಿಗೂ ಸಿಕ್ಕ ಬೆಲೆಯ ವ್ಯತ್ಯಾಸ, ಒಂದೇ ಅಂಕಿ. ಆಮೇಲೆ ಊರಿನ ಪಟ್ಟಿ, ಪ್ರತಿ ಊರಿನ ಮುಂದೆ ಸರ್ವೆ ನಂಬರ್, ಎಷ್ಟು ಗುಂಟೆ, ಯಾರ ಹೆಸರಲ್ಲಿದೆ. ಆಮೇಲೆ ಖರ್ಚು ಎಷ್ಟು, ಯಾವ ಲೆಕ್ಕ ಶೀರ್ಷಿಕೆಯಲ್ಲಿ ಬರುತ್ತದೆ. ಕೊನೆಗೆ ಒಂದು ಪ್ಯಾರಾ: ನಮಗೆ ಖಾತ್ರಿ ಇಲ್ಲದ ವಿಷಯ ಯಾವುದು. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಬರೆದರೆ ಉಳಿದದ್ದನ್ನು ನಂಬುತ್ತಾರೆ. "ಸೂಕ್ತ ಕ್ರಮ ಕೈಗೊಳ್ಳುವುದು", "ಸಮಗ್ರ ದೃಷ್ಟಿಕೋನ ಅಗತ್ಯ" ಇಂಥ ಸಾಲು ಕಂಡ ಕಡೆ ಅಳಿಸಿ. ಆ ಸಾಲುಗಳನ್ನು ಬರೆಯುವುದು ಕಚೇರಿಯವರಿಗೇ ಚೆನ್ನಾಗಿ ಬರುತ್ತದೆ.

ಯಾರಿಗೆ ಕೊಡುವುದು? ಮೇಲಿನವರಿಗೆ ಒಂದು ಪ್ರತಿ, ನಿಜ. ಆದರೆ ಕಡತ ಹುಟ್ಟುವುದು ವಿಷಯ ನಿರ್ವಾಹಕರ ಮೇಜಿನಲ್ಲಿ. ಜಿಲ್ಲಾ ಪಂಚಾಯಿತಿಯಲ್ಲಾದರೆ ಮುಖ್ಯ ಯೋಜನಾಧಿಕಾರಿಯವರ ಶಾಖೆ. ಅಲ್ಲಿ ಕೂತು ಟಿಪ್ಪಣಿಯ ವರ್ಡ್ ಫೈಲನ್ನೇ ಕೊಡಿ. ಅವರು ಅದನ್ನು ನಕಲು ಮಾಡಿ ಕಡತಕ್ಕೆ ಹಾಕಿಕೊಂಡರೆ ನಿಮ್ಮ ಹೆಸರು ಇರುವುದಿಲ್ಲ, ನಿಮ್ಮ ವಾಕ್ಯ ಇರುತ್ತದೆ. ಹೆಸರು ಬೇಕು ಅನ್ನುವವರು ಈ ಕೆಲಸಕ್ಕೆ ಬರಬಾರದು.

ಪತ್ರಿಕೆಗೆ ಕೊಡುವುದು ಆಮೇಲೆ. ದಾವಣಗೆರೆಯಲ್ಲಿ ದಿನಪತ್ರಿಕೆಗಳಿಗೇನೂ ಬರ ಇಲ್ಲ, ಕೊಟ್ಟರೆ ಮರುದಿನವೇ ಬರುತ್ತದೆ. ಆದರೆ ಅಧಿಕಾರಿ ಅದನ್ನು ಮೊದಲು ಪೇಪರಿನಲ್ಲಿ ಓದಿದರೆ ನೀವು ಎದುರಾಳಿ ಆಗಿಬಿಡುತ್ತೀರಿ. ಒಂದು ವಾರ ಮುಂಚೆ ಪ್ರತಿ ಕೊಟ್ಟು, ತಪ್ಪಿದ್ದರೆ ಹೇಳಿ ಅಂತ ಕೇಳಿ.

ಸರಿಯಾದ ಹೊತ್ತು

ರಾಜ್ಯ ಬಜೆಟ್ ಫೆಬ್ರವರಿ-ಮಾರ್ಚ್‌ನಲ್ಲಿ ಬರುತ್ತದೆ. ಇಲಾಖೆಗಳ ಪ್ರಸ್ತಾವನೆ ಅದಕ್ಕೂ ತಿಂಗಳುಗಳ ಮುಂಚೆಯೇ ಹೋಗಿರುತ್ತದೆ. ಜನವರಿಯಲ್ಲಿ ವರದಿ ಬಿಡುಗಡೆ ಸಮಾರಂಭ ಮಾಡಿ ಶಾಲು ಹೊದಿಸಿಕೊಂಡರೆ ಶಾಲು ಸಿಗುತ್ತದೆ, ಅಷ್ಟೇ. ದಸರಾ ಒಳಗೆ ಟಿಪ್ಪಣಿ ಮೇಜಿನ ಮೇಲಿರಬೇಕು. ಪಂಚಾಯಿತಿ ಯೋಜನೆ ಮಾಡುವ ಅಭಿಯಾನ ಅಕ್ಟೋಬರ್ 2ರಿಂದ ಶುರುವಾಗುತ್ತದೆ, ಗ್ರಾಮಸಭೆಯಲ್ಲಿ ಓದಿ ಹೇಳುವುದಕ್ಕೆ ಅದೇ ಹೊತ್ತು. ಬೀಜ ಗೊಬ್ಬರದ ವಿಷಯ ಆದರೆ ಏಪ್ರಿಲ್. ಉಸ್ತುವಾರಿ ಸಚಿವರ ಕೆಡಿಪಿ (ಪ್ರಗತಿ ಪರಿಶೀಲನಾ) ಸಭೆಯ ಮುಂಚಿನ ವಾರ ಎಲ್ಲ ಇಲಾಖೆಯವರಿಗೂ ಅಂಕಿ ಬೇಕಾಗಿರುತ್ತದೆ. ಆಗ ನಿಮ್ಮ ಫೋನ್ ಎತ್ತುತ್ತಾರೆ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ಆಗಲಿಲ್ಲ. ಸಭೆಯಲ್ಲಿ ಎದ್ದು ನಿಂತು ಕೇಳುವ ಸದಸ್ಯರು ಇಲ್ಲದಿದ್ದಾಗ ಲೆಕ್ಕ ಕೇಳುವ ಕೆಲಸ ನಮ್ಮಂಥವರ ಮೇಲೆ ಇನ್ನೂ ಜಾಸ್ತಿ ಬೀಳುತ್ತದೆ.

ಹೊತ್ತಿಗೆ ಸರಿಯಾಗಿ ಬಂದ ಸಣ್ಣ ಅಧ್ಯಯನ ಏನು ಮಾಡಬಹುದು ಅನ್ನುವುದಕ್ಕೆ ಗದಗ ನೋಡಿ. 2021ರ ಡಿಸೆಂಬರ್‌ನಲ್ಲಿ ಬೀದರ್, ರಾಯಚೂರು, ಯಾದಗಿರಿ ಮುಂತಾದ ಕೆಲವು ಜಿಲ್ಲೆಗಳಲ್ಲಿ ಬಿಸಿಯೂಟದ ಜೊ‌ತೆ ಮೊಟ್ಟೆ ಶುರುವಾಯಿತು. ಕೆಲವು ಮಠಾಧೀಶರು ವಿರೋಧಿಸಿದರು, ದೊಡ್ಡ ಗದ್ದಲ ಆಯಿತು. ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ಮೊಟ್ಟೆ ಸಿಗುತ್ತಿದ್ದ ಯಾದಗಿರಿಯ ಮಕ್ಕಳನ್ನೂ ಸಿಗದಿದ್ದ ಗದಗದ ಮಕ್ಕಳನ್ನೂ ತೂಗಿ, ಎತ್ತರ ಅಳೆದು ಹೋಲಿಸಿದರು. ಮೊಟ್ಟೆ ತಿಂದ ಮಕ್ಕಳು ಹೆಚ್ಚು ಮೈ ತುಂಬಿಕೊಂಡಿದ್ದರು. 2022ರಲ್ಲಿ ಸರ್ಕಾರ ಎಲ್ಲ ಜಿಲ್ಲೆಗಳಿಗೂ ವಿಸ್ತರಿಸಿತು. ರಾಜಕೀಯ ಕಾರಣಗಳೂ ಇದ್ದವು, ಒಪ್ಪುತ್ತೇನೆ. ಆದರೆ ಗದ್ದಲದ ನಡುವೆ ಮೇಜಿನ ಮೇಲೆ ತಕ್ಕಡಿಯ ಅಂಕಿ ಇತ್ತು. ಅದು ಬಂದದ್ದು 2016ರಲ್ಲಿ ಹುಟ್ಟಿದ, ರಾಜಧಾನಿಯಿಂದ ದೂರದ ವಿಶ್ವವಿದ್ಯಾಲಯದಿಂದ.

ಇನ್ನೊಂದು ನಮ್ಮ ಪಕ್ಕದ್ದೇ. ಮೆಕ್ಕೆಜೋಳಕ್ಕೆ ಬೀಳುವ ಫಾಲ್ ಸೈನಿಕ ಹುಳುವನ್ನು ಭಾರತದಲ್ಲಿ ಮೊದಲು ಗುರುತಿಸಿದ್ದು 2018ರ ಮೇ ತಿಂಗಳಲ್ಲಿ, ಶಿವಮೊಗ್ಗದ ಕೃಷಿ ಕಾಲೇಜಿನವರು, ತಮ್ಮ ಸುತ್ತಿನ ಹೊಲಗಳಲ್ಲಿ. ದಿನಾ ಹೊಲ ನೋಡುವವರು ಅಲ್ಲಿ ಇದ್ದರು, ಹುಳು ಬೇರೆ ಥರ ಇದೆ ಅಂತ ಗೊತ್ತಾಯಿತು. ನಿಮ್ಮ ಕೇಂದ್ರದವರೂ ಕತ್ತಲಗೆರೆ ಕೃಷಿ ಸಂಶೋಧನಾ ಕೇಂದ್ರ, ಹಿರಿಯೂರಿನ ಬಬ್ಬೂರು ಫಾರಂ, ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರ, ಇಲ್ಲೆಲ್ಲ ಒಬ್ಬೊಬ್ಬರ ಪರಿಚಯ ಇಟ್ಟುಕೊಳ್ಳಿ. ಬೆಳೆಯ ವಿಷಯ ಅವರಿಗೆ ಗೊತ್ತು, ಬೆಲೆಯ ವಿಷಯ ನಿಮಗೆ ಗೊತ್ತು.

ಕೆಲಸ ಆಗುತ್ತಿದೆಯೋ ಇಲ್ಲವೋ ಅಂತ ಅಳೆಯಲು ಪ್ರಕಟವಾದ ಲೇಖನ ಎಣಿಸಬೇಡಿ. ಒಂದು ಪುಸ್ತಕ ಇಡಿ. ಯಾವ ಕಚೇರಿಯಿಂದ ಯಾರು ಏನು ಕೇಳಿ ಫೋನ್ ಮಾಡಿದರು, ಏನು ಕೊಟ್ಟಿರಿ, ಆಮೇಲೆ ಏನಾಯಿತು. "ಏನೂ ಆಗಲಿಲ್ಲ" ಅನ್ನುವುದನ್ನೂ ಬರೆಯಿರಿ, ಅದೇ ಜಾಸ್ತಿ ಇರುತ್ತದೆ.

ಹೊಸ ಸಿಇಒ ಬಂದರೆ ಮೊದಲ ವಾರ ಹೋಗಬೇಡಿ, ಹೂಗುಚ್ಛದವರ ಸಾಲು ಇರುತ್ತದೆ. ಒಂದು ತಿಂಗಳು ಬಿಟ್ಟು ಹೋಗಿ. ಹಿಂದಿನ ಐದು ವರ್ಷದಲ್ಲಿ ನಿಮ್ಮ ವಿಷಯದಲ್ಲಿ ಜಿಲ್ಲೆ ಏನೇನು ಮಾಡಿತು, ಯಾವುದು ನಿಂತಿತು, ಯಾಕೆ ನಿಂತಿತು ಅಂತ ಒಂದೇ ಹಾಳೆ ತೆಗೆದುಕೊಂಡು ಹೋಗಿ. ಹೋಗುವಾಗ ನಿಮ್ಮ ಜೊತೆ ಕೇಂದ್ರದ ಕಿರಿಯರೊಬ್ಬರನ್ನು ಕರೆದುಕೊಂಡು ಹೋಗಿ, ಮಾತಾಡುವುದನ್ನೂ ಅವರಿಗೇ ಬಿಡಿ. ನೀವು ನಿವೃತ್ತಿಯಾಗುವ ಮುಂಚೆ ಬೀರುವಿನ ಕೀಲಿ, ಹಳ್ಳಿವಾರು ಪಟ್ಟಿ, ಪಾಸ್‌ವರ್ಡ್‌ಗಳು, ಆ ಫೋನ್ ಪುಸ್ತಕ, ಬ್ಯಾಂಕ್ ಖಾತೆಗೆ ಎರಡನೇ ಸಹಿ, ಇಷ್ಟೂ ಅವರ ಕೈಗೆ ಹೋಗಿರಬೇಕು. ಸಹಿ ಬದಲಾಯಿಸಲು ಬ್ಯಾಂಕಿನವರು ಆಡಳಿತ ಮಂಡಳಿಯ ಠರಾವು ಕೇಳುತ್ತಾರೆ, ಅದನ್ನು ಜೂನ್ ಸಭೆಯಲ್ಲೇ ಮಾಡಿಸಿಕೊಳ್ಳಿ.